ಸಂಘ ಯಾಕ, ನಾ ಇಲ್ಲೇನ?

ಪೈಲಟ್‌ಗಳ ಸಂಘಕ್ಕೆ ಯಾಕೆ ಸೇರಿದೆ ಎಂದು ಕೇಳಿದವರಿಗೆಲ್ಲ ಇಷ್ಟು ವರ್ಷ ನಾನು ಹೇಳುತ್ತ ಬಂದದ್ದು ಸುಳ್ಳು. ಖರೆ ಕಾರಣ ನೀನು, ಇಕ್ಬಾಲ್. ವಿಚಾರಣೆಯ ಕೋಣೆಯಲ್ಲಿ ನಿನ್ನ ಮಾತನ್ನು ತಿರುಚಿ ಹೇಳಿ ನಿನ್ನ ನೌಕರಿ ಕಳೆದವನು ನಾನು — ಕಂಪನಿಯಲ್ಲ, ನಿನ್ನ ನಸೀಬಲ್ಲ, ನಾನು.

ಇದನ್ನು ಬರೆಯಲು ಕೂತು ಎಷ್ಟೋ ಸಲ ಎದ್ದು ಹೋಗಿದ್ದೇನೆ. ಮಾತಿಗೆ ಸೋಲದ ಮನುಷ್ಯ ನಾನು, ಸಭೆಯಲ್ಲಿ ಎದ್ದು ನಿಂತರೆ ನನ್ನನ್ನು ಕೂರಿಸುವುದೇ ಕಷ್ಟ. ಆದರೆ ಇದೊಂದು ವಿಷಯಕ್ಕೆ ಬಂದಾಗ ನಾಲಿಗೆ ಹೊರಳುವುದಿಲ್ಲ. ನಿನಗೆ ಗೊತ್ತಿರುವ ಸಂಗತಿಗಳನ್ನೂ ಬಿಡಿಸಿ ಬರೆಯುತ್ತಿದ್ದೇನೆ — ಇದನ್ನು ನೀನಷ್ಟೇ ಅಲ್ಲ, ನಿನ್ನನ್ನು ಅರಿಯದವರೂ ಓದಬೇಕು. ಅಲ್ಲದೆ, ನಿನಗೆ ಗೊತ್ತಿಲ್ಲದ್ದೂ ಒಂದಿದೆ.

ಕಂಪನಿಗೆ ಹೊಸದಾಗಿ ಬಂದ ಪೈಲಟ್‌ಗಳ ಮುಂದೆ ಸಂಘದ ಪರವಾಗಿ ಮಾತಾಡುವ ಕೆಲಸ ಈಗ ನನ್ನದು. ಹೋಟೆಲೊಂದರ ಹಾಲ್, ಸಮೋಸ, ಚಹಾ, ಎದುರಿಗೆ ಗರಿಗರಿ ಬಿಳಿ ಅಂಗಿಯ ಹುಡುಗ ಹುಡುಗಿಯರು. ಯಾಕೆ ಸೇರಬೇಕು ಎಂಬುದನ್ನು ನಾನು ಚೆನ್ನಾಗಿಯೇ ಹೇಳುತ್ತೇನೆ. ನಿದ್ದೆಯಾಗಿಲ್ಲ, ಹಾರಿಸಲಾರೆ ಎಂದು ಒಬ್ಬನೇ ಹೇಳಿದರೆ ಅವನು ಮೈಗಳ್ಳ, ಎಲ್ಲರೂ ಕೂಡಿ ಹೇಳಿದರೆ ಅದು ನಿಯಮ. ಕಣ್ಣೋ ಕಿವಿಯೋ ಕೈಕೊಟ್ಟರೆ ಒಂದೇ ದಿನದಲ್ಲಿ ಅನ್ನ ನಿಲ್ಲುವ ಕಸುಬು ನಮ್ಮದು, ಆಗ ಕಂಪನಿ ಹೂವಿನ ಗುಚ್ಛ ಕಳಿಸುತ್ತದೆ, ಸಂಘ ವಕೀಲರನ್ನು ಕಳಿಸುತ್ತದೆ. ಹೀಗೆಲ್ಲ ಹೇಳಿ ನಗಿಸುತ್ತೇನೆ ಕೂಡ. ಸೇರುವವರ ಕಾರಣಗಳು ಒಂದೊಂದು ಥರ. ಬಸುರಿಯಾದ ಸುದ್ದಿ ತಿಳಿಸಿದ ಮೇಲೆ ಮೇಲಧಿಕಾರಿಗಳು ಮುಖ ಕೊಟ್ಟು ಮಾತಾಡುವುದನ್ನೇ ಬಿಟ್ಟರೆಂದು ಒಬ್ಬಳು ಸೇರಿದಳು. ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದಾಗ ರಜೆ ಕೊಡಲಿಲ್ಲವೆಂದು ಒಬ್ಬ ಸೇರಿದ. ಗೆಳೆಯರೆಲ್ಲ ಸೇರಿದರಲ್ಲ ಎಂದು ಸುಮ್ಮನೆ ಸೇರಿದವನೊಬ್ಬ ಈಗ ಎಲ್ಲರಿಗಿಂತ ಜೋರಾಗಿ ಜಗಳಕ್ಕೆ ನಿಲ್ಲುತ್ತಾನೆ.

ಹೋದ ಸಲ ಒಬ್ಬ ಹುಡುಗಿ ಎದ್ದು, ಕ್ಯಾಪ್ಟನ್, ನೀವು ಯಾಕೆ ಸೇರಿದಿರಿ ಎಂದು ಕೇಳಿದಳು. ನಾನು ಎಂದಿನ ಉತ್ತರವನ್ನೇ ಕೊಟ್ಟೆ — ನಮ್ಮೂರ ಕಡೆಯ ಒಬ್ಬ ಹುಡುಗನಿಗೆ ಅನ್ಯಾಯ ಆಗಿತ್ತು, ಅದನ್ನು ನೋಡಿ ಸೇರಿದೆ. ಅನ್ಯಾಯ ಆಗಿತ್ತಂತೆ. ಮಳೆ ಆಗಿತ್ತು ಅನ್ನುವ ಹಾಗೆ. ಅವರು ಚಪ್ಪಾಳೆ ಹೊಡೆದರು. ನಾನು ತಲೆ ತಗ್ಗಿಸಿ ನೀರು ಕುಡಿದೆ, ಅದನ್ನವರು ವಿನಯ ಎಂದುಕೊಂಡರು.

ನಾವು ಮೊದಲು ಭೇಟಿಯಾದದ್ದು ನಿನಗೆ ನೆನಪಿರಬೇಕು. ಹಾರಾಟಕ್ಕೆ ಮುಂಚೆ ಕಾಗದಪತ್ರ ನೋಡುವ ಕೋಣೆಯಲ್ಲಿ ನಾನು ಫೋನಿನಲ್ಲಿ ಶಿರಗುಪ್ಪಿಯ ನನ್ನ ತಮ್ಮನಿಗೆ ಬೈಯುತ್ತಿದ್ದೆ. ಹೊಳೆಗೆ ಕೂರಿಸಿದ ಮೋಟಾರು ಸುಟ್ಟಿತ್ತು, ಕಬ್ಬಿಗೆ ನೀರಿರಲಿಲ್ಲ. ಪಕ್ಕದಲ್ಲಿದ್ದ ಹೊಸ ಕೋ-ಪೈಲಟ್ ಮೆಲ್ಲಗೆ ನಗುತ್ತಿದ್ದ. ಯಾಕೆ ಎಂದು ಕೇಳಿದರೆ, ಅಂಥ ಮೋಟಾರು ನಮ್ಮ ಅಂಗಡಿಯಲ್ಲೇ ಸಿಗುತ್ತದೆ, ನಮ್ಮದು ಕುಡಚಿ ಎಂದೆ ನೀನು. ಹೊಳೆ ದಾಟಿದರೆ ನಿನ್ನ ಊರು! ಮುಂಬೈಯ ಆ ಗಾಜಿನ ಕಟ್ಟಡದಲ್ಲಿ ನಮ್ಮ ಕಡೆಯ ಮಾತು ಕೇಳಿ ನನಗೆ ಎಷ್ಟು ಹಿಗ್ಗಾಯಿತು ಅಂದರೆ, ಅಂದು ಇಡೀ ದಿನ ಒಂದು ಬಿಗುಮಾತೂ ಆಡಲಿಲ್ಲ. ಸಂಜೆಯ ಹೊತ್ತಿಗೆ ನಿನ್ನ ಬಾಯಲ್ಲಿ 'ಸರ್' ಹೋಗಿ 'ಅಣ್ಣಾರ' ಬಂದಿತ್ತು, ನನ್ನ ಬಾಯಲ್ಲಿ 'ತಮ್ಮಾ'.

ಸಂಘದ ಮಾತನ್ನು ಮೊದಲು ಎತ್ತಿದ್ದು ನೀನು. ಕ್ಯಾಂಟೀನಿನಲ್ಲಿ ಕೂತಾಗ, ಸೇರಬೇಕು ಅಂತ ಮಾಡೀನಿ, ನೀವೇನಂತೀರಿ ಎಂದು ಕೇಳಿದೆ. ಪಗಾರದ ಸಲುವಾಗಿ ಅಲ್ಲ, ರಜೆಯ ಸಲುವಾಗಿಯೂ ಅಲ್ಲ ಎಂದೆ. ಒಂದು ವೇಳೆ ಏನಾದರೂ ತಪ್ಪಾಗಿ ದೊಡ್ಡವರ ಮುಂದೆ ಒಬ್ಬನೇ ಕೂರುವ ಪ್ರಸಂಗ ಬಂದರೆ, ಪಕ್ಕದ ಕುರ್ಚಿಯಲ್ಲಿ ನನ್ನವರು ಅಂತ ಒಬ್ಬರು ಇರಲಿ — ಅಷ್ಟೇ ನಿನ್ನ ಕಾರಣ. ಈಗ ಅನ್ನಿಸುತ್ತದೆ, ಅದಕ್ಕಿಂತ ಒಳ್ಳೆಯ ಕಾರಣವನ್ನು ನಾನು ಯಾರ ಬಾಯಿಂದಲೂ ಕೇಳಿಲ್ಲ. ಅವತ್ತು ಮಾತ್ರ ನಕ್ಕುಬಿಟ್ಟೆ. ಆಗ ಕಂಪನಿ ನನ್ನನ್ನು ತರಬೇತಿ ಕೊಡುವ ಕ್ಯಾಪ್ಟನ್ ಮಾಡುವ ವಿಚಾರದಲ್ಲಿತ್ತು. ಸಂಘದ ಹುಡುಗನೊಬ್ಬ ನನ್ನ ಹಿಂದೆ ಮುಂದೆ ಓಡಾಡುವುದು ನನಗೆ ಬೇಡವಾಗಿತ್ತು. ಅದನ್ನು ಹಾಗೇ ಹೇಳುವ ಧೈರ್ಯವಿಲ್ಲದೆ ನಿನ್ನ ಬೆನ್ನು ತಟ್ಟಿದೆ.

"ಸಂಘ ಯಾಕ ಬೇಕೋ ತಮ್ಮಾ? ನಾ ಇಲ್ಲೇನ?"

ನಿನ್ನ ಮುಖ ಅರಳಿತು. ನಾನು ಅಂಥ ಮಾತಾಡಿದ್ದಕ್ಕೆ ನಿನಗೆ ಎಷ್ಟು ಸಂತೋಷವಾಯಿತು ಎಂದರೆ, ಚಹಾದ ಹಣ ನೀನೇ ಕೊಟ್ಟೆ.

ಆಮೇಲೆ ಆ ಬೇಸಿಗೆಯ ದಿನ. ನಸುಕಿನಲ್ಲಿ ಎದ್ದು ಹೊರಟಿದ್ದೆವು, ಹಿಂದಿನ ಎರಡು ದಿನವೂ ಹಾಗೇ ಎದ್ದಿದ್ದೆವು. ನಾಗಪುರದಲ್ಲಿ ವಿಮಾನದ ಬಾಗಿಲೊಂದರ ಎಚ್ಚರಿಕೆ ದೀಪ ಆರಲೇ ಇಲ್ಲ. ಎಂಜಿನಿಯರುಗಳು ತಾಸುಗಟ್ಟಲೆ ಅದರ ಹಿಂದೆ ಬಿದ್ದರು. ಬಿಸಿಲಿಗೆ ಕಾಕ್‌ಪಿಟ್ಟಿನ ಗಾಜು ಮುಟ್ಟಲಾಗದಷ್ಟು ಕಾದಿತ್ತು. ದೀಪ ಆರುವ ಹೊತ್ತಿಗೆ ನಮ್ಮ ಆ ದಿನದ ದುಡಿಮೆಯ ಮಿತಿ ಮುಗಿಯುತ್ತ ಬಂದಿತ್ತು.

ಇಂಥ ವೇಳೆಗೆ ಒಂದು ನಿಯಮವಿದೆ. ಮಿತಿಯನ್ನು ಸ್ವಲ್ಪ ಮುಂದೆ ತಳ್ಳುವ ಅಧಿಕಾರ ಕ್ಯಾಪ್ಟನ್‌ಗೆ ಇರುತ್ತದೆ, ಆದರೆ ಅವನು ಜೊತೆಯವರನ್ನು ಕೇಳಬೇಕು. ಒಬ್ಬರು ಆಗುವುದಿಲ್ಲ ಎಂದರೂ ಅಲ್ಲಿಗೆ ಮುಗಿಯಿತು, ಬೇರೆ ಪೈಲಟ್‌ಗಳು ಬರುವತನಕ ವಿಮಾನ ಕಾಯಬೇಕು. ಯಾಕೆ ಎಂದು ಯಾರೂ ಕೇಳುವ ಹಾಗಿಲ್ಲ. ಈ ಪ್ರಶ್ನೆಯನ್ನು ನಾವು ಇಂಗ್ಲಿಷಿನಲ್ಲಿ ಕೇಳುತ್ತೇವೆ, ಅದು ರೂಢಿ. ನೀವು ಫಿಟ್ ಇದ್ದೀರಾ? ಫಿಟ್, ಅಥವಾ ಫಿಟ್ ಇಲ್ಲ. ಆ ಭಾಷೆಯಲ್ಲಿ ಅಲ್ಲಿ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ನಿನ್ನೆ ಮೊನ್ನೆ ಸೇರಿದ ಹುಡುಗಿಯೂ ಹಿರಿಯ ಕ್ಯಾಪ್ಟನ್‌ಗೆ ಮುಖದ ಮೇಲೆ ಇಲ್ಲ ಎನ್ನಬಹುದು.

ಕಂಪನಿಯಿಂದ ಫೋನ್ ಬಂದಿತ್ತು. ಹೇಗಾದರೂ ಮಾಡಿ ವಿಮಾನವನ್ನು ಮುಂಬೈಗೆ ತಂದುಬಿಡಿ, ನಿಮ್ಮಂಥವರು ಇದ್ದರೆ ನಮಗೆ ಚಿಂತೆಯಿಲ್ಲ ಎಂದು ಆಚೆಯಿಂದ ಹೇಳಿದರು. ಹೊಗಳಿಕೆಗೆ ಉಬ್ಬುವ ಜಾತಿಯವನು ನಾನು. ನಿನ್ನ ಮುಖ ನೋಡಿದೆ — ಕಣ್ಣು ಕೆಂಪಾಗಿದ್ದವು, ತುಟಿ ಒಣಗಿತ್ತು. ಇಂಗ್ಲಿಷಿನಲ್ಲಿ ಕೇಳಿದರೆ ನೀನು ಏನು ಹೇಳುತ್ತೀಯೆಂದು ನನಗೆ ಗೊತ್ತಿತ್ತು. ಅದಕ್ಕೇ... ಬೇಕೆಂತಲೇ, ನಾನು ನಮ್ಮ ಮಾತಿನಲ್ಲಿ ಕೇಳಿದೆ. ಹೋಗೂಣಲ್ಲೋ ತಮ್ಮಾ ಎಂದು ಕೇಳಿದೆ. ನಮ್ಮ ಕಡೆ ಹಿರಿಯ ಹಾಗೆ ಕೇಳಿದ ಮೇಲೆ ಕಿರಿಯ ಬೇಡ ಅನ್ನುವುದಿಲ್ಲ. ಅದನ್ನು ನಂಬಿಯೇ ಕೇಳಿದೆ.

ಆದರೂ ನೀನು ಅಂದೆ.

"ಅಣ್ಣಾರ, ಬ್ಯಾಡ್ರಿ. ಕಣ್ಣ ಮುಚ್ಚಾಕತ್ತಾವ. ಇವತ್ತ ನನ್ನ ಕೈಲೆ ಆಗಂಗಿಲ್ರಿ."

ನಾನು ನಕ್ಕು, ಮನಿ ಮಂದಿನ ಹಿಂಗಂದ್ರ ಹೆಂಗೋ ಎಂದೆ. ಒಂದು ತಾಸಿನ ದಾರಿ, ನಾನು ನೋಡಿಕೊಳ್ಳುತ್ತೇನೆ ನಡಿ ಎಂದೆ. ನೀನು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದೆ. ಆಮೇಲೆ, ನೀವು ಅಂದಮ್ಯಾಲ ಆತ್ರಿ ಎಂದೆ. ನನಗೆ ಗೆದ್ದ ಖುಷಿಯಾಯಿತು. ಹೌದು, ಖುಷಿಯಾಯಿತು. ಅದನ್ನೂ ಬರೆಯಬೇಕು.

ಇಳಿಸುವ ಸರದಿ ನಿನ್ನದಾಗಿತ್ತು. ಬೇಡ ಅಂದ ಹುಡುಗನ ಕೈಯಲ್ಲಿ ವಿಮಾನ ಕೊಟ್ಟು ನಾನು ಪಕ್ಕದಲ್ಲಿ ಕೂತಿದ್ದೆ, ನೋಡಿಕೊಳ್ಳುತ್ತೇನೆ ಎಂದವನು. ಇಲ್ಲಿ ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ, ಇಕ್ಬಾಲ್. ಕೊನೆಯ ಹೊತ್ತಿನಲ್ಲಿ ನನಗೆ ಎಚ್ಚರ ಇರಲಿಲ್ಲ. ಕಣ್ಣು ತೆರೆದೇ ಇದ್ದವು, ರನ್‌ವೇ ಕಾಣುತ್ತಲೂ ಇತ್ತು, ಆದರೆ ನೋಡುವವನು ಒಳಗೆ ಇರಲಿಲ್ಲ. ವಿಮಾನ ಬೇಗ ಕುಸಿಯುತ್ತಿದೆ ಎಂದು ಹೇಳಬೇಕಾದವನು ನಾನು, ಕೈಗೆ ತೆಗೆದುಕೊಳ್ಳಬೇಕಾದವನು ನಾನು. ನೆಲಕ್ಕೆ ಬಡಿದ ಸದ್ದಿಗೇ ನನಗೆ ಎಚ್ಚರವಾದದ್ದು. ಒಮ್ಮೆ ಪುಟಿದು ಮತ್ತೆ ಬಡಿಯಿತು. ಹಿಂದೆ ಜನ ಚೀರಿದರು. ಯಾರ ಜೀವವೂ ಹೋಗಲಿಲ್ಲ, ಆದರೆ ಗಗನಸಖಿಯೊಬ್ಬಳ ಮುಂಗೈ ಮುರಿಯಿತು, ವಿಮಾನದ ಚಕ್ರದ ಕಾಲು ಹಾಳಾಯಿತು. ನೀನು ಎಲ್ಲ ಮುಗಿದ ಮೇಲೂ ವಿಮಾನ ನಡೆಸುವ ಹಿಡಿಯಿಂದ ಕೈ ತೆಗೆಯದೆ ಕೂತಿದ್ದೆ. ನಿನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವನು ನಾನೇ.

ಕಂಪನಿಯ ವಿಚಾರಣೆಯಲ್ಲಿ ಮೂವರು ಕೂತಿದ್ದರು. ಮೂವರಿಗೂ ಕನ್ನಡ ಬಾರದು. ಕಾಕ್‌ಪಿಟ್ಟಿನ ಮಾತು ಧ್ವನಿಮುದ್ರಣವಾಗುತ್ತದಲ್ಲ, ಅದನ್ನು ಹಾಕಿದರು. ಪಂಖದ ಸದ್ದಿನ ನಡುವೆ ನಿನ್ನ ದನಿ ಸ್ಪಷ್ಟವಾಗಿ ಕೇಳಿಸಿತು — ಅಣ್ಣಾರ, ಬ್ಯಾಡ್ರಿ. ಅವರಲ್ಲಿ ಹಿರಿಯರಾದವರು ನನ್ನತ್ತ ತಿರುಗಿ, ನೀವು ಹಿರಿಯ ಕ್ಯಾಪ್ಟನ್, ನಿಮ್ಮದೇ ಭಾಷೆ, ಈ ಹುಡುಗ ಏನು ಹೇಳುತ್ತಿದ್ದಾನೆ ಎಂದು ಸಹಜವಾಗಿ ಕೇಳಿದರು. ನನ್ನನ್ನು ನಂಬಿಯೇ ಕೇಳಿದರು.

ಬಹಳ ಬಿಸಿಲು, ಕಣ್ಣು ಉರಿಯುತ್ತಿವೆ, ಪರವಾಗಿಲ್ಲ, ಬೇಗ ಹೋಗಿಬಿಡೋಣ ಅನ್ನುತ್ತಿದ್ದಾನೆ ಎಂದೆ. ಒಂದು ಚೂರೂ ತಡವರಿಸಲಿಲ್ಲ. ನನಗೇ ಆಶ್ಚರ್ಯವಾಗುವಷ್ಟು ಸಲೀಸಾಗಿ ಬಂತು.

ನೀನು ನನ್ನ ಎದುರಿಗೇ ಕೂತಿದ್ದೆ. ನಿನ್ನ ಪಕ್ಕದ ಕುರ್ಚಿ ಖಾಲಿ ಇತ್ತು. ಸಂಘದ ಸದಸ್ಯನಾಗಿದ್ದರೆ ಅಲ್ಲಿ ಒಬ್ಬರು ಕೂರುತ್ತಿದ್ದರು. ಬೇರೆಯವರಿಂದ ಅನುವಾದ ಮಾಡಿಸಿ ಎಂದು ಪಟ್ಟು ಹಿಡಿಯುತ್ತಿದ್ದರು, ಅದು ಅವರ ಮೊದಲ ಮಾತೇ ಆಗುತ್ತಿತ್ತು. ನೀನು ಸೇರಿರಲಿಲ್ಲ. ಯಾಕೆ ಸೇರಿರಲಿಲ್ಲ ಎಂಬುದು ಆ ಕೋಣೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ನೀನು ನನ್ನನ್ನೇ ನೋಡಿದೆ. ಸಿಟ್ಟಿನಿಂದ ಅಲ್ಲ. ಅಣ್ಣ ಏನೋ ಯೋಚನೆ ಮಾಡಿ ಹೀಗೆ ಹೇಳಿದ್ದಾನೆ, ಇದರಲ್ಲಿ ಏನೋ ದಾರಿ ಇದೆ — ಅನ್ನುವ ಹಾಗೆ ನೋಡಿದೆ. ಇದು ಸರಿಯೇ ಎಂದು ಅವರು ನಿನ್ನನ್ನು ಕೇಳಿದಾಗ, ಹೌದು ಸರ್, ಕ್ಯಾಪ್ಟನ್ ಹೇಳಿದ್ದು ಸರಿ ಎಂದೆ.

ಹೊರಗೆ ಬಂದ ಮೇಲೆ ನೀನು ಪಡಸಾಲೆಯಲ್ಲಿ ನಿಂತೆ. ಆ ದಾರಿ ಯಾವುದೆಂದು ನಾನು ಈಗಲಾದರೂ ಹೇಳಬಹುದು ಎಂದು ನೀನು ಕಾಯುತ್ತಿದ್ದೆ. ನಾನು ಫೋನು ಕಿವಿಗಿಟ್ಟುಕೊಂಡು, ಯಾರ ಜೊತೆಗೋ ಮಾತಾಡುವವನ ಹಾಗೆ ನಿನ್ನ ಮುಂದೆ ಹಾದು ಹೋದೆ. ಫೋನಿನಲ್ಲಿ ಯಾರೂ ಇರಲಿಲ್ಲ.

ದಣಿವನ್ನು ಮುಚ್ಚಿಟ್ಟು ಹಾರಿಸಿದ, ಇಳಿಸುವಾಗ ಗಮನ ತಪ್ಪಿದ — ಎಂದು ಎಲ್ಲವೂ ನಿನ್ನ ತಲೆಗೆ ಬಂತು. ನನಗೆ ಒಂದು ಎಚ್ಚರಿಕೆ ಕೊಟ್ಟು ಬಿಟ್ಟರು. ನಿನ್ನನ್ನು ತೆಗೆದರು. ಬೇರೆ ಕಂಪನಿಗಳ ಬಾಗಿಲಿಗೆ ನೀನು ಹೋದದ್ದು, ಅಲ್ಲೆಲ್ಲ ಆ ಹಳೆಯ ವರದಿಯನ್ನೇ ಕೇಳಿದ್ದು, ಕೊನೆಗೆ ಕುಡಚಿಗೆ ಮರಳಿ ಅಂಗಡಿಯಲ್ಲಿ ಕೂತದ್ದು — ಎಲ್ಲವೂ ನನಗೆ ಊರಿನವರಿಂದ ತಿಳಿಯುತ್ತಿತ್ತು. ನಾನು ತರಬೇತಿ ಕ್ಯಾಪ್ಟನ್ ಆದೆ. ಮರುವರ್ಷ ಸಂಘಕ್ಕೆ ಸೇರಿದೆ. ಅಲ್ಲಿ ಎಷ್ಟೋ ಜನರ ಪಕ್ಕದ ಕುರ್ಚಿಯಲ್ಲಿ ಕೂತಿದ್ದೇನೆ, ಎಷ್ಟೋ ಜನರ ನೌಕರಿ ಉಳಿಸಿದ್ದೇನೆ. ಅವರು ನನ್ನ ಕೈ ಹಿಡಿದು ಅಳುವಾಗ ನಾನು ಮೆಲ್ಲಗೆ ಕೈ ಬಿಡಿಸಿಕೊಳ್ಳುತ್ತೇನೆ. ಅವರನ್ನು ಉಳಿಸಿದರೆ ನಿನ್ನದು ತೀರುತ್ತದೆ ಎಂದುಕೊಂಡಿದ್ದೆನೋ ಏನೋ. ತೀರುವುದಿಲ್ಲ.

ಈಗ ನಾನು ಕಾಕ್‌ಪಿಟ್ಟಿನಲ್ಲಿ ಕನ್ನಡ ಆಡುವುದಿಲ್ಲ. ಹೋದ ವರ್ಷ ನಿಪ್ಪಾಣಿಯ ಹುಡುಗನೊಬ್ಬ ಜೊತೆಗೆ ಬಂದ. ನಾನು ಶಿರಗುಪ್ಪಿಯವನು ಎಂದು ಯಾರೋ ಹೇಳಿದ್ದರಂತೆ, ಆಸೆಯಿಂದ, ನಮಸ್ಕಾರ್ರಿ ಸರ, ನಾವೂ ನಿಮ್ಮ ಕಡೆಯಾವ್ರ ಎಂದ. ನಾನು ಇಂಗ್ಲಿಷಿನಲ್ಲಿ ಹವಾಮಾನ ಕೇಳಿದೆ. ಅವನ ಮುಖ ಬಾಡಿತು. ದೊಡ್ಡಸ್ತಿಕೆ ಎಂದುಕೊಂಡಿರಬೇಕು. ಎಂಜಿನ್ ಶುರುವಾಗುವ ಮೊದಲು ಹೆಡ್‌ಫೋನಿನಲ್ಲಿ ಒಂದು ಗಳಿಗೆ ಏನೂ ಸದ್ದಿರುವುದಿಲ್ಲ. ಆ ಗಳಿಗೆ ಬಂದರೆ ಸಾಕು — ಎಡಗಡೆ ನಾನು, ಬಲಗಡೆ ಯಾರಾದರೂ ಇರಲಿ, 'ಅಣ್ಣಾರ' ಎಂದು ಕೇಳಿಸುತ್ತದೆ. ಭ್ರಮೆ ಎಂದು ಗೊತ್ತು. ಗೊತ್ತಿದ್ದೂ ಪ್ರತಿ ಸಲ ಬಲಕ್ಕೆ ತಿರುಗಿ ನೋಡುತ್ತೇನೆ.

ನಮ್ಮ ಜೈನರಲ್ಲಿ ದಶಲಕ್ಷಣ ಪರ್ವ ಮುಗಿದ ಮೇಲೆ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಎಲ್ಲರ ಕ್ಷಮೆ ಕೇಳುವ ಪದ್ಧತಿ ಇದೆ. ಮೊದಲು ಮನೆಮನೆಗೆ ಹೋಗಿ ಕೈಮುಗಿಯುತ್ತಿದ್ದೆವು, ಈಗ ಫೋನಿನಲ್ಲಿ ಒಂದೇ ಸಂದೇಶ, ಒಂದೇ ಸಲ, ಎಲ್ಲರಿಗೂ. ನನ್ನ ಫೋನಿನಲ್ಲಿ ನಿನ್ನ ಹೆಸರೂ ಇದೆಯಲ್ಲ. ಹೀಗಾಗಿ ಪ್ರತಿ ವರ್ಷ ಅದು ನಿನಗೂ ಬರುತ್ತಿತ್ತು, ಹಾಲಿನವನಿಗೆ, ದರ್ಜಿಗೆ, ಬೀಗರಿಗೆ ಹೋಗುವ ಹಾಗೆ. ನೀನು ಪ್ರತಿ ವರ್ಷ ಜೋಡಿಸಿದ ಕೈಗಳ ಚಿತ್ರ ಕಳಿಸುತ್ತಿದ್ದೆ. ಇಷ್ಟು ಅಗ್ಗವಾಗಿ ಕ್ಷಮೆ ಪಡೆದವನು ನನ್ನಂತೆ ಇನ್ನೊಬ್ಬನಿಲ್ಲ. ಈ ಸಲ ಪರ್ವಕ್ಕೆ ಊರಿನಲ್ಲೇ ಇದ್ದೆ. ಸಂದೇಶ ಕಳಿಸಲು ಕೈ ಬರಲಿಲ್ಲ. ಎದುರಿಗೇ ಹೋಗಿ ಹೇಳಿಬಿಡುತ್ತೇನೆ ಎಂದು ಉಗಾರ ಊರಿನ ಮೇಲಿಂದ ಹಾದು, ಸೇತುವೆ ದಾಟಿ ನಿನ್ನ ಅಂಗಡಿಗೆ ಬಂದೆ.

ನೀನು ಎದ್ದು ನಿಂತೆ. ನಿನ್ನ ಅಬ್ಬಾ ತಮ್ಮ ಕುರ್ಚಿಯನ್ನೇ ನನಗೆ ಕೊಟ್ಟು, ಬರ್ರಿ ಕ್ಯಾಪ್ಟನ್ ಸಾಹೇಬ್ರ ಎಂದು ಕೂರಿಸಿ, ನಮಾಜಿಗೆ ಹೋದರು. ಚಹಾ ಬಂತು. ಮೋಟಾರು, ಪೈಪುಗಳ ನಡುವೆ ನೀನು ದಪ್ಪಗಾಗಿದ್ದೆ, ಕನ್ನಡಕ ಬಂದಿತ್ತು. ಕಬ್ಬಿನ ಮಾತಾಯಿತು, ಹೊಳೆಯ ನೀರಿನ ಮಾತಾಯಿತು. ನಾನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ನೀನೇ ಕೇಳಿದೆ, ಗಿರಾಕಿಯ ಹತ್ತಿರ ಅಳತೆ ಕೇಳುವಷ್ಟು ಮೆಲ್ಲಗೆ.

"ಅಣ್ಣಾರ, ಒಂದ ಕೇಳ್ಲೇನ್ರಿ? ಅವತ್ತ ನಾಗಪೂರದಾಗ ನಾ ಬ್ಯಾಡ ಅಂದಿದ್ನೋ, ಏನ ಮೊದಲ್ಲಿಂದ ಆತು ಅಂದಿದ್ನೋ? ಎಲ್ಲಾರೂ ಆತು ಅಂದಿ ಅಂತಾರ. ಕೇಳಿ ಕೇಳಿ ನನ್ನ ನೆನಪಿನ ಮ್ಯಾಲ ನನಗ ಭರೋಸಾ ಉಳದಿಲ್ರಿ."

ನಿನ್ನ ನೌಕರಿ ತೆಗೆದದ್ದು ನನಗೆ ಗೊತ್ತಿತ್ತು. ನಿನ್ನೊಳಗಿಂದ ಇದನ್ನೂ ತೆಗೆದಿದ್ದೇನೆ ಎಂಬುದು ಗೊತ್ತಿರಲಿಲ್ಲ. ಹೇಳಲೆಂದೇ ಬಂದಿದ್ದೆ, ಹೇಳಲು ಇದಕ್ಕಿಂತ ತಕ್ಕ ಗಳಿಗೆ ಇರಲಿಲ್ಲ. ಆದರೆ ಬಾಯಿಂದ ಬಂದದ್ದು —

"ನನಗೂ ನೆಟ್ಟಗ ನೆನಪಿಲ್ಲೋ ತಮ್ಮಾ."

ನೀನು ತಲೆಯಾಡಿಸಿದೆ. ಹಂಗಾರ ನಾನ ಆತು ಅಂದಿರಬೇಕ ಬಿಡ್ರಿ ಎಂದು ಹೇಳಿ, ಚಹಾ ಆರುತ್ತಿದೆ ಕುಡಿಯಿರಿ ಎಂದೆ. ನಾನು ಕುಡಿದೆ. ಪೂರ್ತಿ ಕುಡಿದೆ.

ಅಲ್ಲಿಂದ ಬಂದವನು ಇದನ್ನು ಬರೆಯಲು ಕೂತಿದ್ದೇನೆ. ಸಂಘದ ಕೆಲಸ ಬಿಟ್ಟಿದ್ದೇನೆ, ಯಾಕೆ ಎಂದು ಅವರ ಮುಂದೆ ಹೇಳಿಯೂ ಆಗಿದೆ. ಆ ಧ್ವನಿಮುದ್ರಣವನ್ನು ಕನ್ನಡ ಬಲ್ಲ ಬೇರೆಯವರಿಗೆ ಕೇಳಿಸಿ, ವಿಚಾರಣೆಯನ್ನು ಮತ್ತೆ ತೆರೆಯಿರಿ, ನಾನು ಸುಳ್ಳು ಹೇಳಿದ್ದೆ, ಇಳಿಯುವಾಗ ನನಗೇ ಎಚ್ಚರವಿರಲಿಲ್ಲ ಎಂದು ಕಂಪನಿಗೂ ಸರಕಾರದವರಿಗೂ ಬರೆದುಕೊಟ್ಟಿದ್ದೇನೆ. ಧ್ವನಿಯನ್ನು ಇನ್ನೂ ಇಟ್ಟಿದ್ದಾರೋ ಇಲ್ಲವೋ ತಿಳಿಯದು. ಇಲ್ಲದಿದ್ದರೆ ನನ್ನ ಮಾತೇ ಸಾಕ್ಷಿ. ನನ್ನ ಲೈಸೆನ್ಸ್ ಹೋಗಬಹುದು, ಹೋಗಲಿ. ನಿನ್ನದು ಮರಳಿ ಬರುತ್ತದೆ ಎಂದು ಮಾತು ಕೊಡಲಾರೆ. ನಿನಗೆ ಇನ್ನೊಂದು ಸುಳ್ಳು ಭರವಸೆ ಕೊಡುವ ಹಕ್ಕು ನನಗಿಲ್ಲ. ಕ್ಷಮೆಯನ್ನೂ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ.

ನೀನು ಕೇಳಿದ್ದಕ್ಕೆ ಉತ್ತರ ಮಾತ್ರ ಉಳಿದಿದೆ. ನಿನ್ನ ನೆನಪು ಸರಿ ಇದೆ, ಇಕ್ಬಾಲ್. ನೀನು ಬೇಡ ಅಂದಿದ್ದೆ. ನಾನು ಕೇಳಿಸಿಕೊಂಡಿದ್ದೆ.